ಒಲೆಯ ಹೊಗೆ ಮತ್ತು ಲೆಕ್ಕಕ್ಕೆ ಬಾರದ ಬಸಿರು

ಕಳೆದ ಚಳಿಗಾಲದ ಒಂದು ಭಾನುವಾರ ದೆಹಲಿಯ ಗಾಳಿ ಎಷ್ಟು ಕೆಟ್ಟಿತ್ತೆಂದರೆ, ನಮ್ಮ ಬಳಗದ ತಿಂಗಳ ಸಭೆಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಬಂದವರಲ್ಲಿ ಒಬ್ಬರು, ತಮ್ಮ ಸೊಸೆ ಬಸುರಿಯಾಗಿರುವುದರಿಂದ ಅವಳನ್ನು ಮಲೆನಾಡಿನ ತವರಿಗೆ ಕಳುಹಿಸಿರುವುದಾಗಿ ಹೇಳಿದರು. ಅಲ್ಲಿ ಗಾಳಿಯಾದರೂ ಚೆನ್ನಾಗಿದೆಯಲ್ಲ ಎಂದು ನಾವೆಲ್ಲರೂ ತಲೆಯಾಡಿಸಿದೆವು. ಅಷ್ಟು ಹೊತ್ತು ಸುಮ್ಮನಿದ್ದ ಹಿರಿಯ ಮಹಿಳೆಯೊಬ್ಬರು, “ನಮ್ಮ ಕಾಲದಲ್ಲಿ ಊರಿನ ಗಾಳಿ ಚೆನ್ನಾಗಿಯೇ ಇತ್ತು. ಅಡುಗೆಮನೆಯ ಗಾಳಿ ಹೇಗಿತ್ತು ಎಂದು ಯಾರಾದರೂ ಕೇಳಿದ್ದಿರಾ?” ಎಂದರು. ಸಭೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಯಾರು, ಯಾವಾಗ, ಯಾವ ಕಾರಣಕ್ಕೆ ಕೇಳಿದರು ಎಂದು ಹುಡುಕುತ್ತ ಹೋದಾಗ ನಮಗೆ ಸಿಕ್ಕ ಚರಿತ್ರೆಯೇ ಈ ಬರಹ.

ನಮ್ಮಲ್ಲಿ ನಲವತ್ತು ದಾಟಿದವರೆಲ್ಲ ಆ ಅಡುಗೆಮನೆಯನ್ನು ಕಂಡವರೇ. ಮಣ್ಣಿನ ಒಲೆ, ಅದರ ಪಕ್ಕಕ್ಕೊಂದು ಕೋಡೊಲೆ, ಅಟ್ಟದ ಮೇಲೆ ಒಣಗಲು ಇಟ್ಟ ಸೌದೆ, ಮೂಲೆಯಲ್ಲಿ ಬೆರಣಿ, ಕೈಗೆಟಕುವಲ್ಲಿ ಊದುಗೊಳವೆ. ಗೋಡೆಯೂ ಜಂತೆಯೂ ಮಸಿಹಿಡಿದು ಕಪ್ಪಾಗಿರುತ್ತಿದ್ದವು. ಮಳೆಗಾಲದಲ್ಲಿ ಹಸಿ ಸೌದೆ ಉರಿಯದೆ ಹೊಗೆಯಾಡುವಾಗ ನಾವು ಮಕ್ಕಳು ಕಣ್ಣುಜ್ಜಿಕೊಂಡು ಜಗಲಿಗೆ ಓಡುತ್ತಿದ್ದೆವು. ಒಲೆಯ ಮುಂದೆ ಕುಳಿತವರಿಗೆ ಓಡುವ ಅವಕಾಶವಿರಲಿಲ್ಲ. ಬಸುರಿಯಾದರೂ ಅವರು ಅಲ್ಲಿಯೇ ಇರುತ್ತಿದ್ದರು. ನಮ್ಮ ಅಜ್ಜಿ ಒಂಬತ್ತು ಹೆತ್ತವರು, ಐದು ಉಳಿದವು. ಇನ್ನೆರಡು ತಿಂಗಳು ತುಂಬದೆಯೇ ಇಳಿದುಹೋದವೆಂದು ಹೇಳುತ್ತಿದ್ದರು. ಯಾಕೆ ಹೋದವು ಎಂದು ಕೇಳಿದರೆ “ಋಣ ಅಷ್ಟೇ ಇತ್ತು” ಎನ್ನುವುದೇ ಅವರ ಉತ್ತರ. ಅಜ್ಜಿಯ ಕಳೆದುಹೋದ ಮಕ್ಕಳಿಗೆ ಒಲೆಯ ಹೊಗೆಯೇ ಕಾರಣವೆಂದು ನಾವು ಹೇಳುತ್ತಿಲ್ಲ. ಮಲೇರಿಯಾ, ರಕ್ತಹೀನತೆ, ಅರೆಹೊಟ್ಟೆ, ಬಿಡುವಿಲ್ಲದ ದುಡಿಮೆ, ಹತ್ತಿರದಲ್ಲಿ ವೈದ್ಯರಿಲ್ಲದಿರುವುದು, ಕಾರಣಗಳು ಹಲವಿದ್ದವು. ನಾವು ಹೇಳುತ್ತಿರುವುದು ಇಷ್ಟೇ: ಋಣವೆಂಬ ಮಾತು ಎಲ್ಲ ಕಾರಣಗಳನ್ನೂ ಒಂದೇ ಬಾರಿಗೆ ಮುಚ್ಚಿಬಿಡುತ್ತಿತ್ತು, ಹೊಗೆಯನ್ನೂ ಸೇರಿಸಿ.

ಹೊಗೆಯ ವಿರುದ್ಧದ ದೂರು ಹೊಸದಲ್ಲ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಜಾನ್ ಎವೆಲಿನ್ ಎಂಬ ಲೇಖಕ 1661ರಲ್ಲಿ ಲಂಡನ್ನಿನ ಕಲ್ಲಿದ್ದಲ ಹೊಗೆಯ ಮೇಲೆ ಬರೆದು ಅರಸನಿಗೆ ಅರ್ಪಿಸಿದ ಪುಸ್ತಿಕೆ ನೆನಪಾದೀತು. ಬ್ರಿಟಿಷರ ಆಳ್ವಿಕೆಯಲ್ಲಿ ಹೊಗೆಗೆ ಕಾನೂನೂ ಬಂತು. ಕಲ್ಕತ್ತೆಯ ಕಾರ್ಖಾನೆಗಳ ಚಿಮಣಿಗಳಿಗಾಗಿ ಬಂಗಾಳದಲ್ಲಿ 1905ರಲ್ಲಿ, ಮುಂಬಯಿಗೆ 1912ರಲ್ಲಿ ಹೊಗೆ ಉಪದ್ರವದ ಕಾಯಿದೆಗಳಾದವು. ಸ್ವತಂತ್ರ ಭಾರತದ ವಾಯುಮಾಲಿನ್ಯ ಕಾಯಿದೆ 1981ರಲ್ಲಿ ಬಂತು. ಈ ಕಾಯಿದೆಗಳ ಕಣ್ಣು ನೆಟ್ಟಿದ್ದುದು ಮುಖ್ಯವಾಗಿ ಊರ ನಡುವೆ ಎತ್ತರಕ್ಕೆ ನಿಂತು ಎಲ್ಲರಿಗೂ ಕಾಣುವಂತೆ ಹೊಗೆಯುಗುಳುವ ಚಿಮಣಿಗಳ ಮೇಲೆ. ಮನೆಯ ಹಿತ್ತಿಲ ಕಡೆಯ ಕತ್ತಲೆ ಕೋಣೆಯಲ್ಲಿ ದಿನಕ್ಕೆ ಎರಡು ಹೊತ್ತು ತುಂಬಿಕೊಳ್ಳುವ ಹೊಗೆ ಅವುಗಳ ವ್ಯಾಪ್ತಿಗೆ ಬರಲಿಲ್ಲ. ಅದು ಉಪದ್ರವವಲ್ಲ, ಸಂಸಾರ.

ಹಾಗೆಂದು ಅಡುಗೆಮನೆಯ ಹೊಗೆಯನ್ನು ಕಂಡವರೇ ಇರಲಿಲ್ಲವೆಂದಲ್ಲ. ಗಾಂಧೀಜಿಯವರೂ ಜೆ.ಸಿ. ಕುಮಾರಪ್ಪನವರೂ ಕಟ್ಟಿದ ಗ್ರಾಮೋದ್ಯೋಗ ಸಂಘದ ವಾರ್ಧಾ ಕೇಂದ್ರವಾದ ಮಗನ್‌ವಾಡಿಯಿಂದ 1940ರ ದಶಕದಲ್ಲಿ ‘ಮಗನ್ ಚೂಲಾ’ ಎಂಬ ಸುಧಾರಿತ ಒಲೆ ಬಂತು. ಹೈದರಾಬಾದಿನ ಇಂಜಿನಿಯರಿಂಗ್ ಸಂಶೋಧನಾಲಯದಲ್ಲಿದ್ದ ಎಸ್.ಪಿ. ರಾಜು ಅವರು ಚಿಮಣಿಯಿರುವ ಮಣ್ಣಿನ ಒಲೆಯೊಂದನ್ನು ರೂಪಿಸಿ, 1953ರಲ್ಲಿ ಕೋಟ್ಯಂತರ ಜನರಿಗೆ ಹೊಗೆಯಿಲ್ಲದ ಅಡುಗೆಮನೆ ಎಂಬ ಅರ್ಥದ ಶೀರ್ಷಿಕೆಯಿಟ್ಟು ಇಂಗ್ಲಿಷಿನಲ್ಲಿ ಒಂದು ಪುಸ್ತಿಕೆಯನ್ನು ಪ್ರಕಟಿಸಿದರು. ಸಿಮೆಂಟು, ಉಕ್ಕು, ಅಣೆಕಟ್ಟುಗಳ ಕನಸಿನ ದಶಕದಲ್ಲಿ ಒಬ್ಬ ಇಂಜಿನಿಯರು ಗೃಹಿಣಿಯ ಕಣ್ಣುರಿಯನ್ನು ತನ್ನ ವಿದ್ಯೆಗೆ ತಕ್ಕ ಸಮಸ್ಯೆಯೆಂದು ಭಾವಿಸಿದ್ದು ಸಣ್ಣ ಸಂಗತಿಯಲ್ಲ.

ಅದೇ ದಶಕದಲ್ಲಿ ದೆಹಲಿಯ ವೈದ್ಯೆಯೊಬ್ಬರು ಮತ್ತೊಂದು ದಾರಿಯಿಂದ ಇದೇ ಹೊಗೆಯನ್ನು ಮುಟ್ಟಿದರು. ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿದ್ದ ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿಯವರು, ಶ್ವಾಸಕೋಶದ ದೀರ್ಘ ಬೇನೆಯಿಂದ ಹೃದಯದ ಬಲಭಾಗ ಸೋಲುವ ರೋಗದ ಬಗ್ಗೆ ಸಹೋದ್ಯೋಗಿಯೊಡನೆ 1959ರಲ್ಲಿ ಲೇಖನ ಪ್ರಕಟಿಸಿದರು. ಪಶ್ಚಿಮದ ವೈದ್ಯಗ್ರಂಥಗಳ ಪ್ರಕಾರ ಅದು ಬೀಡಿ ಸಿಗರೇಟು ಸೇದುವ ಗಂಡಸರ ಕಾಯಿಲೆ. ದೆಹಲಿಯ ವಾರ್ಡುಗಳಲ್ಲಿ ಧೂಮಪಾನ ಮಾಡದ ಹೆಂಗಸರೂ ಅದೇ ರೋಗದಿಂದ, ಅದೂ ಗಂಡಸರಿಗಿಂತ ಎಳೆಯ ವಯಸ್ಸಿನಲ್ಲೇ ಬಂದು ಮಲಗುತ್ತಿದ್ದರು. ಬಾಲ್ಯದಿಂದಲೂ ಅವರು ಕುಡಿದದ್ದು ಒಲೆಯ ಹೊಗೆಯನ್ನು. ಶತಾಯುಷಿಯಾಗಿ 2020ರಲ್ಲಿ ತೀರಿಕೊಂಡ ಪದ್ಮಾವತಿಯವರನ್ನು ಪತ್ರಿಕೆಗಳು ದೇಶದ ಮೊದಲ ಮಹಿಳಾ ಹೃದ್ರೋಗ ತಜ್ಞೆಯೆಂದು ಸ್ಮರಿಸಿದವು. ಅಡುಗೆಮನೆಯ ಹೊಗೆಯನ್ನು ರೋಗಿಯ ಚೀಟಿಯಲ್ಲಿ ಕಾಣಿಸಿದ ಮೊದಲಿಗರಲ್ಲಿ ಒಬ್ಬರೆಂದೂ ಅವರನ್ನು ಸ್ಮರಿಸಬೇಕು.

ಆದರೆ ದೇಶ ಒಲೆಯತ್ತ ದೊಡ್ಡ ಪ್ರಮಾಣದಲ್ಲಿ ತಿರುಗಿದ್ದು ವೈದ್ಯರ ಮಾತು ಕೇಳಿ ಅಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನದ ಚಿಂತೆ ಹತ್ತಿತು. ಚಿಪ್ಕೋ ಚಳವಳಿಯ ಆ ಕಾಲದಲ್ಲಿ ಕಾಡಿನ ಚಿಂತೆಯೂ ಸೇರಿತು. ಬಡವರ ಒಲೆ ಕಾಡನ್ನು ತಿನ್ನುತ್ತಿದೆ, ಆದ್ದರಿಂದ ಒಲೆ ಸುಧಾರಿಸಬೇಕು ಎಂಬ ವಾದ ಜಗತ್ತಿನಾದ್ಯಂತ ಕೇಳಿಬಂತು. ಕರ್ನಾಟಕದ ಪಾಲಿನ ಚರಿತ್ರೆ ಇಲ್ಲಿಂದ ಶುರುವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಹುಟ್ಟಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಆ ತಂಡದವರು ಎಷ್ಟು ಸೌದೆ ಉರಿಯುತ್ತದೆ, ಅದನ್ನು ಯಾರು ತರುತ್ತಾರೆ, ನೀರು ಹೊರುವವರು ಯಾರು ಎಂದು ಮನೆಮನೆಗೆ ಹೋಗಿ ಲೆಕ್ಕ ಹಾಕಿದರು. ಆ ಪರಿಶ್ರಮದಿಂದ 1980ರ ದಶಕದ ಆರಂಭದಲ್ಲಿ ಮೂರು ಪಾತ್ರೆಗಳ ‘ಅಸ್ತ್ರ ಒಲೆ’ ರೂಪುಗೊಂಡಿತು. ಕೋಡೊಲೆ ಕಂಡವರಿಗೆ ಅದರ ಮೂಲ ಕಲ್ಪನೆ ಹೊಸತೆನಿಸುವುದಿಲ್ಲ, ಒಂದೇ ಬೆಂಕಿಯ ಶಾಖವನ್ನು ಮೂರು ಕಡೆ ದುಡಿಸಿಕೊಂಡು ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳುಹಿಸುವುದು. ಪ್ರಯೋಗಾಲಯದಲ್ಲಿ ಅದರ ದಕ್ಷತೆ ಶೇ. 40ನ್ನು ಮೀರಿತ್ತು.

ಅಸ್ತ್ರದ ಹಳ್ಳಿ ಅಂಕಿಗಳನ್ನು ಇಟ್ಟುಕೊಂಡು ಶ್ರೀಲತಾ ಬಾಟ್ಲಿವಾಲಾ ಅವರು 1982ರಲ್ಲಿ ಬರೆದ ಲೇಖನ ಈ ಚರಿತ್ರೆಯಲ್ಲಿ ಒಂದು ತಿರುವು. ಹಳ್ಳಿಯ ಮನೆಯೊಂದು ವ್ಯಯಿಸುವ ಮನುಷ್ಯಶಕ್ತಿಯಲ್ಲಿ ಹೆಂಗಸರ ಪಾಲು ಶೇ. 53, ಗಂಡಸರದು ಶೇ. 31, ಮಕ್ಕಳದು ಶೇ. 16 ಎಂದು ಅವರು ತೋರಿಸಿದರು. ಹೆಚ್ಚು ದುಡಿಯುವವಳೇ ಕಡಿಮೆ ಉಣ್ಣುವವಳು ಎಂಬ ಮಾತಿಗೆ ಲೆಕ್ಕದ ಬಲ ಬಂತು. ಇಂಧನದ ಕಡತದೊಳಗೆ ಹೆಣ್ಣಿನ ಒಡಲು ಕಾಣಿಸಿಕೊಂಡದ್ದು ಹೀಗೆ.

ಸರಿಸುಮಾರು ಆಗಲೇ, ದೇಶದ ವಾಯು ಕಾಯಿದೆ ಜಾರಿಯಾದ 1981ರಲ್ಲೇ, ಅಮೆರಿಕದ ವಿಜ್ಞಾನಿ ಕಿರ್ಕ್ ಸ್ಮಿತ್ ಭಾರತೀಯ ಸಹೋದ್ಯೋಗಿಗಳೊಂದಿಗೆ ಗುಜರಾತಿನ ನಾಲ್ಕು ಹಳ್ಳಿಗಳಿಗೆ ಹೋದರು. ಅಡುಗೆ ಮಾಡುವ 36 ಮಹಿಳೆಯರ ಮೈಮೇಲೆ ಗಾಳಿಯನ್ನು ಹೀರಿ ಅಳೆಯುವ ಪುಟ್ಟ ಉಪಕರಣ ತೊಡಿಸಿದರು. ಕೋಣೆಯ ಗಾಳಿಯನ್ನಲ್ಲ, ಅಡುಗೆ ಮಾಡುವವಳ ಉಸಿರಿಗೆ ಸಿಗುವ ಗಾಳಿಯನ್ನು ಅಳೆಯುವುದು ಉದ್ದೇಶ. ಅಡುಗೆಯ ಹೊತ್ತಿನಲ್ಲಿ ಘನ ಮೀಟರಿಗೆ ಸರಾಸರಿ ಸುಮಾರು 7 ಮಿಲಿಗ್ರಾಂ ಕಣಗಳು ಕಂಡವು. ಆ ಸಂಖ್ಯೆಯ ಭಾರ ತಿಳಿಯಲು ಒಂದು ಹೋಲಿಕೆ ಕೊಡಬಹುದು. ಈಗ ದೆಹಲಿಯಲ್ಲಿ ನಾವು ದಿಗಿಲುಗೊಳ್ಳುವ ಅಂಕಿಗಳು ಸಾಮಾನ್ಯವಾಗಿ ನೂರರ ಲೆಕ್ಕದ ಮೈಕ್ರೋಗ್ರಾಂಗಳಲ್ಲಿರುತ್ತವೆ. 7 ಮಿಲಿಗ್ರಾಂ ಎಂದರೆ 7,000 ಮೈಕ್ರೋಗ್ರಾಂ. ಅಂದಿನ ಅಳತೆ ಎಲ್ಲ ಗಾತ್ರದ ಕಣಗಳದ್ದು, ಇಂದಿನದು ಅತಿ ಸಣ್ಣ ಕಣಗಳದ್ದು, ಆದ್ದರಿಂದ ಎರಡನ್ನೂ ನೇರವಾಗಿ ತೂಗುವಂತಿಲ್ಲ. ಆದರೂ ನಮ್ಮ ತಾಯಂದಿರು ಕುಳಿತಿದ್ದ ಜಾಗ ಎಂಥದೆಂದು ಊಹಿಸಲು ಅಷ್ಟು ಸಾಕು.

ಈ ಹೊಗೆ ಗರ್ಭವನ್ನು ಮುಟ್ಟುವುದು ಹೇಗೆ? ಮೊದಲ ದಾರಿ ಕಾರ್ಬನ್ ಮಾನಾಕ್ಸೈಡಿನದು. ಸೌದೆ, ಬೆರಣಿಗಳು ಅರೆಬರೆ ಉರಿದಾಗ ಹುಟ್ಟುವ, ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ತಾಯಿಯ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡಷ್ಟೂ ಮಾಸಿನ ಮೂಲಕ ಕೂಸಿಗೆ ತಲುಪುವುದು ಕಡಿಮೆಯಾಗುತ್ತದೆ. ಕೂಸಿನ ರಕ್ತದಿಂದ ಈ ಅನಿಲ ಬಿಟ್ಟುಹೋಗುವುದೂ ನಿಧಾನ. ತಾಯಿ ಮೊದಲೇ ರಕ್ತಹೀನಳಾಗಿದ್ದರೆ ಕೊರತೆ ಇಮ್ಮಡಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರವೂ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಎರಡನೆಯ ದಾರಿ ಸೂಕ್ಷ್ಮ ಕಣಗಳದು. ಅವು ಶ್ವಾಸಕೋಶದಾಳಕ್ಕಿಳಿದು ಮೈಯಲ್ಲಿ ಉರಿಯೂತ ಹುಟ್ಟಿಸುತ್ತವೆ, ಕೆಲವು ರಕ್ತಕ್ಕೂ ಇಳಿಯುತ್ತವೆ. 2019ರಲ್ಲಿ ಬೆಲ್ಜಿಯಂನ ಹಾಸೆಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಮಾಸಿನಲ್ಲಿ, ಅದೂ ಕೂಸಿನ ಕಡೆಯ ಪಾರ್ಶ್ವದಲ್ಲಿ, ಮಸಿಯ ಕಣಗಳನ್ನು ಕಂಡರು. ನಮ್ಮ ಅಡುಗೆಮನೆಯ ಜಂತೆಗೆ ಅಂಟಿದ ಮಸಿ ಅಲ್ಲಿಗೇ ನಿಲ್ಲುವುದೆಂದು ನಾವು ಭಾವಿಸಿದ್ದೆವು.

ಇಷ್ಟಾದರೂ ಬಸಿರಿನ ಪ್ರಶ್ನೆ ತಡವಾಗಿ ಬಂತು. ಭಾರತದಲ್ಲಿ ಅದನ್ನು ಸಂಖ್ಯೆಯಲ್ಲಿ ಕೇಳಿದ ಆರಂಭದ ಅಧ್ಯಯನಗಳಲ್ಲಿ ಅಹಮದಾಬಾದಿನದು ಮುಖ್ಯ. ದಿಲೀಪ್ ಮಾವಳಂಕರ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಆ ಅಧ್ಯಯನ, ಅಡುಗೆಯ ಹೊಗೆಗೆ ಒಡ್ಡಿಕೊಂಡ ತಾಯಂದಿರಲ್ಲಿ ಸತ್ತು ಹುಟ್ಟುವ ಶಿಶುಗಳ ಅಪಾಯ ಸುಮಾರು ಒಂದೂವರೆ ಪಟ್ಟು ಎಂದಿತು. ವಿನೋದ್ ಮಿಶ್ರಾ ಮತ್ತು ಸಂಗಡಿಗರು 1998–99ರ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಬಳಸಿ 2005ರಲ್ಲಿ ಬರೆದಾಗಲೂ ಹೆಚ್ಚುಕಡಿಮೆ ಅದೇ ಪ್ರಮಾಣ ಕಂಡಿತು, ಒಂದಕ್ಕಿಂತ ಹೆಚ್ಚು ಬಾರಿ ಇಂಥ ನಷ್ಟ ಕಂಡವರಲ್ಲಿ ಅಂತರ ಇನ್ನೂ ದೊಡ್ಡದಿತ್ತು. ಗ್ವಾಟೆಮಾಲದಿಂದ 2002ರಲ್ಲಿ, ಸೌದೆ ಒಲೆಯ ಮನೆಗಳ ಶಿಶುಗಳ ಜನನ ತೂಕ ಸರಾಸರಿ 63 ಗ್ರಾಂ ಕಡಿಮೆ ಎಂಬ ವರದಿ ಬಂತು.

ಯಾಕೆ ಇಷ್ಟು ತಡ? ಕಡತಗಳ ನಡುವೆ ಬದುಕುವ ನಮಗೆ ಒಂದು ಕಾರಣ ಸಹಜವಾಗಿ ಹೊಳೆಯುತ್ತದೆ. ಎಣಿಸದೆ ಇದ್ದದ್ದಕ್ಕೆ ಕಾರಣ ಹುಡುಕಲಾಗುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಲ್ಲಿ ಸತ್ತು ಹುಟ್ಟಿದ ಶಿಶುವನ್ನು ದಾಖಲಿಸಲು ಅವಕಾಶವುಂಟು, ಅದೂ ನಿಗದಿತ 28 ವಾರ ತುಂಬಿದ್ದರೆ. ಅದಕ್ಕೂ ಮೊದಲೇ ಹೋದದ್ದಕ್ಕೆ ಯಾವ ವಹಿಯೂ ಇಲ್ಲ. ಮರದ ಲೆಕ್ಕ ಅರಣ್ಯ ಇಲಾಖೆಯಲ್ಲಿತ್ತು, ಸೀಮೆಎಣ್ಣೆಯ ಲೆಕ್ಕ ಪಡಿತರ ಅಂಗಡಿಯಲ್ಲಿತ್ತು, ಒಲೆಯ ದಕ್ಷತೆಯ ಲೆಕ್ಕ ಪ್ರಯೋಗಾಲಯದಲ್ಲಿತ್ತು. ಮೂರನೆಯ ತಿಂಗಳಲ್ಲಿ ಇಳಿದುಹೋದ ಬಸಿರಿನ ಲೆಕ್ಕ ಹೆತ್ತವಳ ನೆನಪಿನಲ್ಲಿ ಮಾತ್ರ ಇತ್ತು. ಅಲ್ಲಿಯೂ ಅದರ ಹೆಸರು ಋಣ.

ಈ ನಡುವೆ ಸರ್ಕಾರ ಸುಮ್ಮನಿರಲಿಲ್ಲ. 1980ರ ದಶಕದಲ್ಲಿ ಆರಂಭವಾಗಿ 2002ರವರೆಗೆ ನಡೆದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 3 ಕೋಟಿಗೂ ಹೆಚ್ಚು ಒಲೆಗಳು ಹಂಚಿಕೆಯಾದವು. ವರದಿಗಳಲ್ಲಿ ಗುರಿ ಮುಟ್ಟಿತು. ಹಳ್ಳಿಗಳಲ್ಲಿ ಚಿಮಣಿ ಕಟ್ಟಿಕೊಂಡಿತು, ಮಣ್ಣು ಬಿರುಕು ಬಿಟ್ಟಿತು, ದೊಡ್ಡ ಪಾತ್ರೆ ಕೂರಲಿಲ್ಲ, ದುರಸ್ತಿಗೆ ಯಾರೂ ಬರಲಿಲ್ಲ, ಹಳೆಯ ಒಲೆ ಮತ್ತೆ ಹೊತ್ತಿತು. ಆಮೇಲೆ ಒಡಿಶಾದಲ್ಲಿ ಅರ್ಥಶಾಸ್ತ್ರಜ್ಞರು ನಡೆಸಿದ ದೀರ್ಘ ಪ್ರಯೋಗವೂ ಇದನ್ನೇ ಹೇಳಿತು: ಮೊದಲ ವರ್ಷ ಹೊಗೆ ತುಸು ಕಡಿಮೆಯಾಯಿತು, ಬರಬರುತ್ತ ಒಲೆಯ ಬಳಕೆ ಕುಗ್ಗಿ ಲಾಭವೂ ಕರಗಿತು. ಅಡುಗೆ ಮಾಡುವವಳನ್ನು ಕೇಳದೆ ಒಲೆ ಕಟ್ಟಿದರೆ ಆಗುವುದು ಇಷ್ಟೇ.

2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಉಜ್ವಲಾ ಯೋಜನೆ ಆರಂಭವಾದಾಗ ಸಂಪರ್ಕ ಮನೆಯ ಹೆಣ್ಣುಮಗಳ ಹೆಸರಿಗೆ ಬಂತು. 2019ರ ಸೆಪ್ಟೆಂಬರಿಗೆ 8 ಕೋಟಿ ಸಂಪರ್ಕಗಳಾದವು. ಶುದ್ಧ ಇಂಧನ ಬಳಸುವ ಮನೆಗಳ ಪ್ರಮಾಣ ಎರಡು ಕುಟುಂಬ ಆರೋಗ್ಯ ಸಮೀಕ್ಷೆಗಳ ನಡುವೆ ಸುಮಾರು ಶೇ. 44ರಿಂದ ಶೇ. 59ಕ್ಕೆ ಏರಿತು. ಸಿಲಿಂಡರು ಮನೆಗೆ ಬಂದರೂ ಎರಡನೆಯ ಸಲ ತುಂಬಿಸಲು ಕೈಯಲ್ಲಿ ಕಾಸಿರಬೇಕು, ಅದಿಲ್ಲದಾಗ ಸೌದೆಯೇ ಗತಿ ಎಂಬ ಮಾತೂ ನಿಜ.

ಹೀಗೆ ಅನಿಲ ಮನೆಮನೆಗೆ ಬಂದ ಮೇಲೆ ವಿಜ್ಞಾನಿಗಳು ನೇರ ಪರೀಕ್ಷೆಗಿಳಿದರು. ಭಾರತ, ಗ್ವಾಟೆಮಾಲ, ಪೆರು, ರುವಾಂಡಗಳಲ್ಲಿ 3,200 ಗರ್ಭಿಣಿಯರನ್ನು ಆರಿಸಿ, ಅರ್ಧದಷ್ಟು ಮಂದಿಗೆ ಅನಿಲದ ಒಲೆಯನ್ನೂ ಇಂಧನವನ್ನೂ ಉಚಿತವಾಗಿ ಕೊಟ್ಟು, ಉಳಿದವರು ಎಂದಿನಂತೆ ಅಡುಗೆ ಮಾಡಿಕೊಳ್ಳಲು ಬಿಟ್ಟರು. ಭಾರತದ ಭಾಗ ನಡೆದದ್ದು ತಮಿಳುನಾಡಿನ ಹಳ್ಳಿಗಳಲ್ಲಿ, ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯ ಕಲ್ಪನಾ ಬಾಲಕೃಷ್ಣನ್ ಮೊದಲಾದವರ ನೇತೃತ್ವದಲ್ಲಿ. 2018ರಲ್ಲಿ ಇದೇ ತಂಡ, ಗರ್ಭಿಣಿ ಉಸಿರಾಡುವ ಗಾಳಿಯಲ್ಲಿ ಸೂಕ್ಷ್ಮ ಕಣ 10 ಮೈಕ್ರೋಗ್ರಾಂ ಹೆಚ್ಚಿದಂತೆ ಶಿಶುವಿನ ತೂಕ 4 ಗ್ರಾಂ ಇಳಿಯುವುದನ್ನು ತೋರಿಸಿತ್ತು. ಆದ್ದರಿಂದ ನಿರೀಕ್ಷೆ ದೊಡ್ಡದಿತ್ತು. 2022ರಲ್ಲಿ ಫಲಿತಾಂಶ ಬಂತು. ಅನಿಲ ಪಡೆದವರು ಉಸಿರಾಡಿದ ಕಣಗಳು ಸುಮಾರು 70ರಿಂದ 24 ಮೈಕ್ರೋಗ್ರಾಂಗೆ ಇಳಿದಿದ್ದವು. ಶಿಶುಗಳ ತೂಕದಲ್ಲಿ ಕಂಡ ಅಂತರ ಮಾತ್ರ ಸುಮಾರು 20 ಗ್ರಾಂ, ಅದೂ ಆಕಸ್ಮಿಕವಾಗಿರಬಹುದಾದಷ್ಟು ಸಣ್ಣದು.

ನಾವು ಈ ಫಲಿತಾಂಶವನ್ನು ಬಚ್ಚಿಡಬಾರದು. ಅದು ನಮ್ಮ ವಾದಕ್ಕೆ ಅನುಕೂಲವಲ್ಲ ಎಂಬುದೇ ಅದನ್ನು ಹೇಳಬೇಕಾದ ಕಾರಣ. ಗರ್ಭಕ್ಕೆ 9 ವಾರ ತುಂಬಿದ ಮೇಲೆಯೇ ಆ ಮಹಿಳೆಯರು ಅಧ್ಯಯನಕ್ಕೆ ಸೇರಿದ್ದರು. ಮಾಸು ಬೇರೂರುವ ಮೊದಲ ವಾರಗಳು ಹಳೆಯ ಹೊಗೆಯಲ್ಲೇ ಕಳೆದಿದ್ದವು, ಅದಕ್ಕೂ ಹಿಂದಿನ ಹದಿನೈದಿಪ್ಪತ್ತು ವರ್ಷಗಳೂ ಹಾಗೆಯೇ. ಇದೊಂದು ಸಾಧ್ಯವಾದ ವಿವರಣೆ. ತೂಕವೊಂದೇ ಅಳತೆಯಲ್ಲ ಎಂಬುದು ಇನ್ನೊಂದು. ಆದರೆ ನಮಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಅಡುಗೆಮನೆಯಿಂದ ಹೊಗೆ ತೆಗೆಯಬೇಕೇ ಬೇಡವೇ ಎಂಬ ಪ್ರಶ್ನೆಗೆ ಕೂಸಿನ ತೂಕವೇ ಸಾಕ್ಷಿ ಹೇಳಬೇಕೆ? ಮೊದಲು ಕಾಡಿನ ಹೆಸರಿನಲ್ಲಿ, ಆಮೇಲೆ ಇಂಧನ ಉಳಿತಾಯದ ಹೆಸರಿನಲ್ಲಿ, ಈಗ ಮಗುವಿನ ಹೆಸರಿನಲ್ಲಿ ಒಲೆಯನ್ನು ಬದಲಿಸಲು ಹೊರಟಿದ್ದೇವೆ. ಒಲೆಯ ಮುಂದೆ ಕುಳಿತವಳ ಹೆಸರಿನಲ್ಲಿ ಮಾತ್ರ ಪೂರ್ತಿಯಾಗಿ ಹೊರಟದ್ದು ಕಡಿಮೆ. ಪದ್ಮಾವತಿಯವರು ಕಂಡ ಹೃದಯ, ಬಾಟ್ಲಿವಾಲಾ ಕಂಡ ದಣಿವು ಇವೆರಡೇ ಸಾಕಾಗಬೇಕಿತ್ತು.

ಸೊಸೆಯನ್ನು ಊರಿಗೆ ಕಳುಹಿಸಿದ ಮಿತ್ರರ ಆತಂಕವೂ ಸುಳ್ಳಲ್ಲ. ದಕ್ಷಿಣ ಏಷ್ಯಾದ ಮಹಿಳೆಯರ ಸಮೀಕ್ಷೆಗಳನ್ನು ಆಧರಿಸಿದ 2021ರ ಒಂದು ಅಧ್ಯಯನ, ಗಾಳಿಯ ಸೂಕ್ಷ್ಮ ಕಣ ಭಾರತದ ಮಿತಿಯಾದ 40 ಮೈಕ್ರೋಗ್ರಾಂ ದಾಟಿದ್ದರಿಂದ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿ 2000ರಿಂದ 2016ರವರೆಗೆ ವರ್ಷಕ್ಕೆ ಸುಮಾರು 3.49 ಲಕ್ಷ ಗರ್ಭನಷ್ಟಗಳಾಗಿರಬಹುದೆಂದು ಅಂದಾಜಿಸಿದೆ. ಹೊರಗಿನ ಹೊಗೆ, ಒಳಗಿನ ಹೊಗೆ ಎಂದು ನಾವು ಮಾಡಿದ ಭಾಗವೂ ಅಷ್ಟು ಗಟ್ಟಿಯಲ್ಲ. 2015ರ ಲೆಕ್ಕದಂತೆ ಭಾರತದ ಬಯಲ ಗಾಳಿಯ ಸೂಕ್ಷ್ಮ ಕಣಗಳಲ್ಲಿ ಸುಮಾರು ಕಾಲು ಭಾಗ ಮನೆಗಳ ಸೌದೆ, ಬೆರಣಿಗಳಿಂದಲೇ ಬಂದದ್ದು. ಹಳ್ಳಿಯ ಒಲೆಯ ಹೊಗೆ ಬೆಳಕಿಂಡಿಯಿಂದ ಹೊರಟು ನಗರದ ನಮ್ಮ ಕಿಟಕಿಯನ್ನೂ ತಲುಪುತ್ತದೆ.

ಮುಂದಿನ ಸಭೆಯಲ್ಲಿ ನಾವು ಆ ಹಿರಿಯರಿಗೆ ಇಷ್ಟನ್ನೂ ಹೇಳಿದೆವು. ಅವರು ಗಮನವಿಟ್ಟು ಕೇಳಿ, ಬಾಣಂತನದಲ್ಲಿಯೂ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುತ್ತಿದ್ದರು, ಕೂಸಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದರು, ಅದೂ ಪ್ರೀತಿಯೇ ಎಂದರು. ನಾವು ಒಪ್ಪಿದೆವು. ಪ್ರೀತಿಯಿಂದ ಮಾಡಿದ್ದನ್ನು ತಪ್ಪೆಂದು ಹಳಿಯುವುದು ಚರಿತ್ರೆಯ ಕೆಲಸವಲ್ಲ. ಬೆಚ್ಚಗಿಡಲು ಹೊಗೆ ಬೇಕಿಲ್ಲ ಎಂದು ಈಗ ಗೊತ್ತಿರುವುದನ್ನು ಮುಂದಿನವರಿಗೆ ಹೇಳುವುದು ನಮ್ಮ ಕೆಲಸ. ಮಿತ್ರರು ಅದೇ ದಿನ ಊರಿಗೆ ಫೋನು ಮಾಡಿ, ಬಚ್ಚಲ ಹಂಡೆಯ ಒಲೆ ಹೊತ್ತಿಸುವಾಗ ಸೊಸೆಯನ್ನು ಹತ್ತಿರ ಕೂರಿಸಬೇಡಿ ಎಂದರು. ಬೀಗಿತ್ತಿ ಆ ಕಡೆಯಿಂದ ಕೇಳಿದರಂತೆ: “ಹೊತ್ತಿಸುವವಳು ನಾನು. ನನಗೆ?”